ಕಾಲೇಜಿನ ಇಮೇಲ್ ಐಡಿ: ಲಾಗಿನ್ ಚೀಟಿ ಸಿಕ್ಕ ದಿನದಿಂದ ಟಿಸಿ ಪಡೆಯುವವರೆಗೆ

ಕ್ಲಾಸು ಶುರುವಾದ ಕೆಲವು ದಿನಕ್ಕೆ ಕಾಲೇಜಿನ ಆಫೀಸಿನಿಂದ ಒಂದು ಚೀಟಿ ಕೈಗೆ ಬರುತ್ತದೆ, ಇಲ್ಲವೇ ಕ್ಲಾಸಿನ ವಾಟ್ಸಾಪ್ ಗುಂಪಿಗೆ ಒಂದು ಪಟ್ಟಿ ಬೀಳುತ್ತದೆ. ಅದರಲ್ಲಿ ನಿಮ್ಮ ಹೆಸರು, ಕಾಲೇಜಿನ ಇಮೇಲ್ ಐಡಿ, ಒಂದು ತಾತ್ಕಾಲಿಕ ಪಾಸ್‌ವರ್ಡ್ ಇರುತ್ತದೆ. ಕಾರವಾರ, ಕುಮಟಾ, ಹೊನ್ನಾವರವಿರಲಿ, ಘಟ್ಟದ ಮೇಲಿನ ಶಿರಸಿ, ಯಲ್ಲಾಪುರವಿರಲಿ, ಹೆಚ್ಚಿನವರು ಅದನ್ನು ಒಮ್ಮೆ ನೋಡಿ ಮರೆತುಬಿಡುತ್ತಾರೆ. ಮತ್ತೆ ನೆನಪಾಗುವುದು ಇಂಟರ್ನಲ್ಸ್‌ಗೆ ಅಸೈನ್‌ಮೆಂಟ್ ಹಾಕಬೇಕಾದ ಹಿಂದಿನ ರಾತ್ರಿ ಹತ್ತೂವರೆಗೆ. ಆ ಹೊತ್ತಿಗೆ ಪಾಸ್‌ವರ್ಡ್ ಬದಲಿಸಿಕೊಡುವವರು ಮಲಗಿರುತ್ತಾರೆ.

ಒಂದು ಸಂಗತಿ ಮೊದಲೇ ತಿಳಿದಿರಲಿ. ಈ ಖಾತೆ ನಿಮ್ಮ ಸ್ವಂತದ್ದಲ್ಲ. ಹಾಸ್ಟೆಲ್ ರೂಮಿನ ಹಾಗೆ, ಇರುವಷ್ಟು ದಿನ ಕೀಲಿ ನಿಮ್ಮ ಕೈಯಲ್ಲಿ, ಗೋಡೆ ಕಾಲೇಜಿನದು. ಕಾಲೇಜಿನ ಮೇಲ್ ನಡೆಯುವುದು ಗೂಗಲ್ ವರ್ಕ್‌ಸ್ಪೇಸ್‌ನಲ್ಲಾಗಲಿ ಮೈಕ್ರೋಸಾಫ್ಟ್ 365ರಲ್ಲಾಗಲಿ, ಖಾತೆಗಳನ್ನು ನೋಡಿಕೊಳ್ಳುವ ಕಾಲೇಜಿನ ಅಡ್ಮಿನ್‌ಗೆ ನಿಮ್ಮ ಪಾಸ್‌ವರ್ಡ್ ಕಾಣುವುದಿಲ್ಲ. ಆದರೆ ಅದನ್ನು ಬದಲಿಸುವ, ಖಾತೆಯನ್ನು ತಡೆಹಿಡಿಯುವ, ಯಾವಾಗ ಎಲ್ಲಿಂದ ಲಾಗಿನ್ ಆಯಿತು ಎಂದು ನೋಡುವ ಅಧಿಕಾರ ಅವರಿಗಿದೆ. ಅಲ್ಲಿಂದ ಹೋದ ಮೇಲ್ ಮಾತ್ರ ನಿಮ್ಮ ಹೆಸರಿನಲ್ಲೇ ಹೋಗುತ್ತದೆ. ಮುಂದೆ ಹೇಳುವುದೆಲ್ಲ ಇದರ ಮೇಲೆಯೇ ನಿಂತಿದೆ.

ಮೊದಲ ಲಾಗಿನ್

ಮೊದಲ ಸಲ ತೆರೆದಾಗ ಹೊಸ ಪಾಸ್‌ವರ್ಡ್ ಕೇಳುತ್ತದೆ. ಕೇಳದಿದ್ದರೂ ಆ ಕ್ಷಣವೇ ಬದಲಿಸಿ, ಏಕೆಂದರೆ ತಾತ್ಕಾಲಿಕ ಪಾಸ್‌ವರ್ಡ್ ಎಷ್ಟೋ ಕಡೆ ಇಡೀ ಕ್ಲಾಸಿಗೆ ಒಂದೇ ಇರುತ್ತದೆ, ಇಲ್ಲವೇ ನಿಮ್ಮ ಜನ್ಮದಿನಾಂಕ. ಬೆಂಚಿನ ಪಕ್ಕದವರಿಗೆ ಎರಡೂ ಗೊತ್ತು.

ಪಾಸ್‌ವರ್ಡ್ ಉದ್ದವಾಗಿರಲಿ. ಊರಿನ ಹೆಸರು, ಮುಂದೊಂದು ಅಟ್ ಚಿಹ್ನೆ, ಕೊನೆಗೆ ಇಸವಿ ಎಂಬ ಸೂತ್ರ ಎಲ್ಲರಿಗೂ ಹೊಳೆಯುವಂಥದ್ದು, ಕದಿಯಲು ಬರುವವನಿಗೂ ಹೊಳೆಯುತ್ತದೆ. ಅದರ ಬದಲು ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಸಾಲಾಗಿ ಬರೆಯಿರಿ: ಕೋಕಂ, ಏಣಿ, ಬುಧವಾರ, ಚಪ್ಪಲಿ. ನೆನಪಿಡಲು ಸುಲಭ, ಊಹಿಸಲು ಕಷ್ಟ. (ಈ ನಾಲ್ಕನ್ನೇ ಇಡಬೇಡಿ.) ಇನ್‌ಸ್ಟಾಗ್ರಾಮಿಗೆ ಇರುವ ಪಾಸ್‌ವರ್ಡ್ ಇಲ್ಲಿಗೆ ಬೇಡ.

ಆಮೇಲೆ ಹೆಸರು ನೋಡಿ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಇದು ಸಣ್ಣ ವಿಷಯವಲ್ಲ. ಗೌಡ ಎಂಬುದನ್ನು ಇಂಗ್ಲಿಷಿನಲ್ಲಿ ‘ಯು’ ಹಾಕಿ ಬರೆಯುವವರಿದ್ದಾರೆ, ‘ಡಬ್ಲ್ಯು’ ಹಾಕಿ ಬರೆಯುವವರೂ ಇದ್ದಾರೆ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ತಂದೆಯ ಹೆಸರು ನಡುವೆ ಇರುತ್ತದೆ, ಆಧಾರ್‌ನಲ್ಲಿ ಇರುವುದಿಲ್ಲ. ಕಾಲೇಜಿನ ಐಡಿಯಲ್ಲಿ ಕಾಣುವ ಹೆಸರು ಮಾರ್ಕ್ಸ್ ಕಾರ್ಡಿನ ಹೆಸರಿನಂತೆಯೇ ಇರಬೇಕು. ಸ್ವಯಂ, ಎನ್‌ಪಿಟೆಲ್‌ನಂಥ ಆನ್‌ಲೈನ್ ಕೋರ್ಸಿಗೆ ಇದೇ ಐಡಿಯಿಂದ ನೋಂದಾಯಿಸಿದಾಗ ತಪ್ಪು ಹೆಸರು ಸರ್ಟಿಫಿಕೇಟಿನ ತನಕ ಹೋಗಬಹುದು. ತಿದ್ದಿಸುವುದಿದ್ದರೆ ಮೊದಲ ವಾರವೇ ಆಫೀಸಿಗೆ ಹೋಗಿ. ಆಗ ಅವರು ಪಟ್ಟಿ ತೆರೆದುಕೊಂಡೇ ಕೂತಿರುತ್ತಾರೆ.

ಎರಡನೇ ಬೀಗ, ನೆಟ್‌ವರ್ಕ್ ಸಿಗದ ಊರಿನಲ್ಲಿ

ಪಾಸ್‌ವರ್ಡ್ ಜೊತೆಗೆ ಇನ್ನೊಂದು ಕೋಡನ್ನೂ ಕೇಳುವ ಟೂ-ಸ್ಟೆಪ್ ವೆರಿಫಿಕೇಶನ್ ಹಾಕಿಕೊಳ್ಳಿ ಎಂದು ಎಲ್ಲರೂ ಹೇಳುತ್ತಾರೆ. ಜೊಯಿಡಾ, ಸಿದ್ದಾಪುರ ಕಡೆಯ ಒಳಗಿನ ಊರುಗಳಲ್ಲಿ ಟವರ್ ಹುಡುಕಿ ಗುಡ್ಡ ಹತ್ತಬೇಕು ಎಂಬುದು ಹೇಳುವವರಿಗೆ ಗೊತ್ತಿರುವುದಿಲ್ಲ. ಒಟಿಪಿ ಬರುವಷ್ಟರಲ್ಲಿ ಅದರ ಅವಧಿ ಮುಗಿದಿರುತ್ತದೆ. ಹಾಗೆಂದು ಬಿಟ್ಟುಬಿಡಬೇಕಿಲ್ಲ, ಎಸ್‌ಎಂಎಸ್ ನೆಚ್ಚದ ದಾರಿ ಎರಡಿವೆ. ಎರಡನ್ನೂ ನೆಟ್ ಚೆನ್ನಾಗಿರುವ ಕಾಲೇಜಿನಲ್ಲೇ ಕೂತು ಮಾಡಿ ಮುಗಿಸಿ.

ಮೊದಲನೆಯದು ಅಥೆಂಟಿಕೇಟರ್ ಆ್ಯಪ್. ಗೂಗಲ್‌ನದ್ದು, ಮೈಕ್ರೋಸಾಫ್ಟಿನದ್ದು ಎರಡೂ ಉಚಿತ. ಲ್ಯಾಬಿನ ಕಂಪ್ಯೂಟರಿನಲ್ಲಿ ನಿಮ್ಮ ಖಾತೆಯ ‘ಸೆಕ್ಯುರಿಟಿ’ ಪುಟ ತೆರೆದು, ಟೂ-ಸ್ಟೆಪ್ ವೆರಿಫಿಕೇಶನ್ ಒಳಗೆ ಅಥೆಂಟಿಕೇಟರ್ ಆರಿಸಿ, ಪರದೆಯ ಮೇಲೆ ಬರುವ ಕ್ಯೂಆರ್ ಕೋಡನ್ನು ಫೋನಿನ ಆ್ಯಪ್‌ನಿಂದ ಸ್ಕ್ಯಾನ್ ಮಾಡಿ. ಆಮೇಲೆ ಆ ಆ್ಯಪ್ 30 ಸೆಕೆಂಡಿಗೊಮ್ಮೆ ಆರು ಅಂಕಿಯ ಹೊಸ ಸಂಖ್ಯೆ ತೋರಿಸುತ್ತಿರುತ್ತದೆ. ಇದಕ್ಕೆ ಸಿಮ್ಮೂ ಬೇಡ, ನೆಟ್ಟೂ ಬೇಡ. ಕ್ಯೂಆರ್ ಕೋಡಿನಲ್ಲಿದ್ದ ಗುಟ್ಟಿನ ಕೀಲಿ ಮತ್ತು ಗಡಿಯಾರದ ಸಮಯ ಸೇರಿಸಿ ಫೋನೇ ಲೆಕ್ಕ ಹಾಕುತ್ತದೆ. ಆದ್ದರಿಂದ ಫೋನಿನ ಸಮಯ ಸರಿ ಇರಬೇಕು. ‘ಆಟೊಮ್ಯಾಟಿಕ್ ಡೇಟ್ ಆ್ಯಂಡ್ ಟೈಮ್’ ಆನ್ ಇದೆಯೇ ನೋಡಿ. ಆಟ ಆಡಲು ಗಡಿಯಾರ ಮುಂದೆ ಹಾಕಿಟ್ಟವರು “ಸರ್, ಕೋಡ್ ತಗೊಳ್ತಿಲ್ಲ” ಎಂದು ಬಂದು ನಿಲ್ಲುವುದು ಲ್ಯಾಬಿನವರಿಗೆ ಹೊಸದಲ್ಲ.

ಎರಡನೆಯದು ಬ್ಯಾಕಪ್ ಕೋಡ್. ಗೂಗಲ್ ಖಾತೆ ಎಂಟು ಅಂಕಿಯ 10 ಕೋಡ್ ಕೊಡುತ್ತದೆ, ಒಂದೊಂದೂ ಒಮ್ಮೆ ಮಾತ್ರ ನಡೆಯುತ್ತದೆ. ಅದನ್ನು ಕಾಗದದಲ್ಲಿ ಬರೆದು ಮನೆಯಲ್ಲಿ ಮಾರ್ಕ್ಸ್ ಕಾರ್ಡಿನ ಫೈಲಿನೊಳಗೆ ಇಡಿ. ಬಳಸಿದ್ದನ್ನು ಹೊಡೆದು ಹಾಕಿ. ಫೋನು ನೀರಿಗೆ ಬಿತ್ತು, ಕಳೆಯಿತು, ತಮ್ಮ ಫಾರ್ಮ್ಯಾಟ್ ಮಾಡಿದ — ಇಂಥ ಹೊತ್ತಿನಲ್ಲಿ ಬಾಗಿಲು ತೆರೆಯುವುದು ಈ ಕಾಗದವೇ. ಫೋನಿನ ಗ್ಯಾಲರಿಯಲ್ಲಿ ಅದರ ಫೋಟೊ ಇಟ್ಟುಕೊಂಡರೆ ಫೋನಿನ ಜೊತೆಗೇ ಅದೂ ಹೋಯಿತು.

ಮನೆಗೆಲ್ಲ ಒಂದೇ ಫೋನ್ ಇದ್ದರೆ ಕಾಲೇಜಿನ ಐಡಿಯನ್ನು ಅದರಲ್ಲಿ ಸೇರಿಸಬಹುದು, ತಪ್ಪೇನಿಲ್ಲ. ಆದರೆ ಅಪ್ಪ ಅಥವಾ ಆಯಿ ಕಳಿಸುವ ಮೇಲ್ ನಿಮ್ಮ ಐಡಿಯಿಂದ ಹೋಗದಿರಲಿ. ಜಿಮೇಲ್ ಆ್ಯಪಿನಲ್ಲಿ ಮೇಲ್ ಬರೆಯುವಾಗ ‘ಫ್ರಮ್’ ಎದುರು ಯಾವ ಐಡಿ ಇದೆ ಎಂದು ನೋಡುವುದು ಮನೆಯವರಿಗೆಲ್ಲ ರೂಢಿಯಾಗಬೇಕು.

ಯಾವ ಕೆಲಸಕ್ಕೆ ಯಾವ ಐಡಿ

ಎಡವುವವರಲ್ಲಿ ಹೆಚ್ಚಿನವರು ಎಡವುವುದು ಇಲ್ಲಿ. ಕಾಲೇಜು ಬಿಟ್ಟ ಮೇಲೂ ಬೇಕಾಗುವುದಕ್ಕೆಲ್ಲ ನಿಮ್ಮ ಸ್ವಂತ ಐಡಿ ಕೊಡಿ: ಬ್ಯಾಂಕ್, ರಾಜ್ಯ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ, ಡಿಜಿಲಾಕರ್, ಕೆಪಿಎಸ್‌ಸಿ ಅರ್ಜಿ, ಪಾಸ್‌ಪೋರ್ಟ್. ಡಿಗ್ರಿ ಪ್ರವೇಶ, ಪರೀಕ್ಷೆಯ ಪೋರ್ಟಲ್ ಆದ ಯುಯುಸಿಎಂಎಸ್‌ನಲ್ಲೂ ಸ್ವಂತ ಐಡಿಯೇ ಒಳ್ಳೆಯದು, ಡಿಗ್ರಿ ಮುಗಿದ ಮೇಲೂ ಅಂಕಪಟ್ಟಿಗೆಂದು ಅಲ್ಲಿಗೆ ಹೋಗಬೇಕಾಗುತ್ತದೆ. ಅಲ್ಲಿ ಕಾಲೇಜಿನ ಐಡಿ ಕೊಟ್ಟು, ಮೂರು ವರ್ಷದ ನಂತರ ಖಾತೆ ಮುಚ್ಚಿ, ‘ಫರ್ಗಾಟ್ ಪಾಸ್‌ವರ್ಡ್’ ಒತ್ತಿದಾಗ ಲಿಂಕ್ ಹೋಗುವುದು ಇಲ್ಲದ ಅಂಚೆಪೆಟ್ಟಿಗೆಗೆ.

ಕಾಲೇಜಿನ ಐಡಿಯಿಂದ ಮಾತ್ರ ಸಿಗುವಂಥದ್ದೂ ಇದೆ, ಅದನ್ನು ಬಿಡಬೇಡಿ. ಗಾಂಧಿನಗರದ ಇನ್‌ಫ್ಲಿಬ್‌ನೆಟ್ (ವಿಶ್ವವಿದ್ಯಾಲಯ, ಕಾಲೇಜು ಗ್ರಂಥಾಲಯಗಳ ಜಾಲ) ನಡೆಸುವ ಎನ್-ಲಿಸ್ಟ್ ಯೋಜನೆಗೆ ಕಾಲೇಜು ಸೇರಿದ್ದರೆ ಸಾವಿರಾರು ಇ-ಜರ್ನಲ್, ಇ-ಪುಸ್ತಕ ಮನೆಯಿಂದಲೇ ಓದಬಹುದು. ಲಾಗಿನ್ ಕೊಡುವುದು ಗ್ರಂಥಪಾಲಕರು. ಸರ್ಕಾರಿ ಸಂಸ್ಥೆಗಳಿಗಾಗಿ 2025ರ ಜನವರಿಯಲ್ಲಿ ಶುರುವಾದ ‘ಒಂದು ರಾಷ್ಟ್ರ ಒಂದು ಚಂದಾದಾರಿಕೆ’ ಯೋಜನೆಯಲ್ಲಿ 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳಿವೆ. ನಿಮ್ಮ ಕಾಲೇಜು ಅದರಲ್ಲಿದೆಯೇ ಎಂದು ಲೈಬ್ರರಿಯಲ್ಲಿ ಕೇಳಿ. ಬೇಕಾದ ಲೇಖನ ಇಳಿಸಿಕೊಳ್ಳಿ, ಆದರೆ ಒಂದು ಜರ್ನಲಿನ ಎಲ್ಲ ಸಂಚಿಕೆಯನ್ನೂ ಸ್ಕ್ರಿಪ್ಟ್ ಹಾಕಿ ಎಳೆಯಲು ಹೋಗಬೇಡಿ. ಪ್ರಕಾಶಕರು ಅಂಥದ್ದನ್ನು ಗಮನಿಸಿದರೆ ಇಡೀ ಕಾಲೇಜಿನ ಸಂಪರ್ಕವನ್ನೇ ತಡೆಯುತ್ತಾರೆ.

ಮೇಲ್ ಬರೆಯುವುದು

ವಾಟ್ಸಾಪ್ ಭಾಷೆಯಲ್ಲಿ “ಸರ್ ಅಸೈನ್‌ಮೆಂಟ್” ಎಂದಷ್ಟೇ ಬರೆದ ಮೇಲ್, ವಿಷಯದ ಸಾಲು ಖಾಲಿ, ಲಗತ್ತಿನ ಹೆಸರು ‘ಐಎಂಜಿ’ ಎಂದು ಶುರುವಾಗುವ ಉದ್ದ ಸಂಖ್ಯೆ. ನೂರಿಪ್ಪತ್ತು ಮಕ್ಕಳಿಗೆ ಪಾಠ ಮಾಡುವವರು ಇದನ್ನು ಯಾರದೆಂದು ಗುರುತಿಸಬೇಕು? ಹೀಗೆ ಬರೆದು ನೋಡಿ:

ವಿಷಯ: ಬಿಎ 3ನೇ ಸೆಮಿಸ್ಟರ್, ಇತಿಹಾಸ ಅಸೈನ್‌ಮೆಂಟ್ — ಸೋಮವಾರದವರೆಗೆ ಅವಕಾಶ ಕೋರಿ

ಮಾನ್ಯ ಮೇಡಂ,
ನಾನು ಬಿಎ ಮೂರನೇ ಸೆಮಿಸ್ಟರ್ ವಿದ್ಯಾರ್ಥಿ, ರೋಲ್ ನಂಬರ್ 42. ಗಾಳಿಮಳೆಗೆ ಕಂಬ ಬಿದ್ದು ನಮ್ಮ ಊರಲ್ಲಿ ಮಂಗಳವಾರದಿಂದ ಕರೆಂಟ್ ಇಲ್ಲ. ಅಸೈನ್‌ಮೆಂಟ್ ಕೈಯಲ್ಲಿ ಬರೆದು ಮುಗಿಸಿದ್ದೇನೆ, ಅದರ ಸ್ಕ್ಯಾನ್ ಇದರ ಜೊತೆಗಿದೆ. ಟೈಪ್ ಮಾಡಿದ ಪ್ರತಿಯನ್ನು ಸೋಮವಾರ ಕೊಡಬಹುದೇ?

ಕೆಳಗೆ ಪೂರ್ತಿ ಹೆಸರು. ಇಷ್ಟೇ. ಕೆಲಸ ಎಲ್ಲಿಗೆ ಬಂದಿದೆ ಎಂದು ತೋರಿಸಿ ಕೇಳಿದವರಿಗೆ ಇಲ್ಲ ಎನ್ನುವ ಮೇಡಂ ಅಪರೂಪ. ಇಂಗ್ಲಿಷಿನಲ್ಲೇ ಬರೆಯಬೇಕೆಂಬ ಹಟವೂ ಬೇಡ, ತಪ್ಪಿಲ್ಲದ ಕನ್ನಡ ತಡವರಿಸುವ ಇಂಗ್ಲಿಷಿಗಿಂತ ಮೇಲು.

ಕನ್ನಡ ಎಂದ ಮೇಲೆ ಕಂಪ್ಯೂಟರಿನಲ್ಲಿ ಕನ್ನಡ ಟೈಪ್ ಮಾಡುವ ‘ನುಡಿ’ ತಂತ್ರಾಂಶದ ಮಾತು ಬಂತು. ನುಡಿಯ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಮೇಲ್ ಒಳಗೆ ಅಂಟಿಸಿದರೆ ಆ ಕಡೆ ಕಾಣುವುದು ಕೊಂಬು ಚುಕ್ಕೆ ಹೊತ್ತ ಯುರೋಪಿನ ಅಕ್ಷರಗಳ ರಾಶಿ. ಆ ಫಾಂಟುಗಳು ಎಲ್ಲ ಸಾಧನಗಳಿಗೂ ಅರ್ಥವಾಗುವ ಯೂನಿಕೋಡ್ ಅಲ್ಲ, ಓದುವವರ ಕಂಪ್ಯೂಟರಿನಲ್ಲೂ ಅದೇ ಫಾಂಟ್ ಇದ್ದರೆ ಮಾತ್ರ ಕನ್ನಡವಾಗಿ ಕಾಣುತ್ತವೆ. ನುಡಿಯಲ್ಲೇ ಯೂನಿಕೋಡ್ ಆಯ್ಕೆ ಇದೆ, ಹಳೆಯದನ್ನು ಬದಲಿಸುವ ಪರಿವರ್ತಕವೂ ಇದೆ. ಅದಾಗದಿದ್ದರೆ ಪಿಡಿಎಫ್ ಮಾಡಿ ಕಳಿಸಿ. ಫೋನಿನ ಕನ್ನಡ ಕೀಬೋರ್ಡ್ ಯೂನಿಕೋಡೇ, ಅಲ್ಲಿ ಈ ತಾಪತ್ರಯವಿಲ್ಲ.

ಸ್ಕ್ಯಾನ್ ಮಾಡಲು ಗೂಗಲ್ ಡ್ರೈವ್ ಆ್ಯಪಿನಲ್ಲೇ ಸೌಲಭ್ಯವಿದೆ. ಈಗಲೂ ‘ಕ್ಯಾಮ್‌ಸ್ಕ್ಯಾನರ್ ಮಾಡಿ ಕಳಿಸು’ ಎನ್ನುವುದು ಬಾಯಿಮಾತಾಗಿ ಉಳಿದಿದೆ, ಆದರೆ 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ನಿಷೇಧಿಸಿದ 59 ಆ್ಯಪ್‌ಗಳಲ್ಲಿ ಅದೂ ಇತ್ತು. ಹತ್ತು ಫೋಟೊ ಬಿಡಿಬಿಡಿಯಾಗಿ ಕಳಿಸುವ ಬದಲು ಒಂದೇ ಪಿಡಿಎಫ್ ಮಾಡಿ, ಫೈಲಿಗೆ ರೋಲ್ ನಂಬರ್, ಹೆಸರು, ವಿಷಯ ಇಡಿ. ಜಿಮೇಲ್‌ನಲ್ಲಿ ಲಗತ್ತಿನ ಮಿತಿ 25 ಎಂಬಿ. ಅದಕ್ಕಿಂತ ದೊಡ್ಡದಾದರೆ ಡ್ರೈವ್ ಲಿಂಕ್ ಕಳಿಸಬೇಕು, ಆಗ ಎದುರಿನವರಿಗೆ ತೆರೆಯುವ ಅನುಮತಿ ಕೊಟ್ಟಿದ್ದೀರಾ ನೋಡಿ. ಇಲ್ಲದಿದ್ದರೆ ರಾತ್ರಿ ‘ರಿಕ್ವೆಸ್ಟ್ ಆ್ಯಕ್ಸೆಸ್’ ಮೇಲ್ ಬಂದು, ನೀವು ಅದನ್ನು ನೋಡುವಷ್ಟರಲ್ಲಿ ಕೊನೆಯ ದಿನ ಮುಗಿದಿರುತ್ತದೆ.

‘ಟು’ ಕಡೆ ಎರಡು ಸಲ ಕಣ್ಣು ಹಾಯಿಸಿ. ನಾಯ್ಕ ಎಂದು ಟೈಪ್ ಮಾಡಿದರೆ ನಮ್ಮ ಕಡೆ ಅರ್ಧ ಕ್ಲಾಸೇ ಪಟ್ಟಿಯಲ್ಲಿ ಬಂದು ನಿಲ್ಲುತ್ತದೆ. ಜಿಮೇಲ್ ಸೆಟ್ಟಿಂಗ್ಸ್‌ನಲ್ಲಿ ‘ಅನ್‌ಡು ಸೆಂಡ್’ ಅವಧಿಯನ್ನು 30 ಸೆಕೆಂಡಿಗೆ ಏರಿಸಿಟ್ಟುಕೊಂಡರೆ ತಪ್ಪು ನಾಯ್ಕರಿಗೆ ಹೊರಟ ಮೇಲನ್ನು ಹಿಂದೆ ಕರೆಯಬಹುದು. ಕಾಲೇಜಿನ ಎಲ್ಲರಿಗೂ ಬಂದ ಸುತ್ತೋಲೆಗೆ ‘ರಿಪ್ಲೈ ಆಲ್’ ಒತ್ತಿ “ಓಕೆ ಸರ್” ಎನ್ನಬೇಡಿ, ದಯವಿಟ್ಟು.

ಲ್ಯಾಬಿನ ಕಂಪ್ಯೂಟರ್

ಒಂದು ಕಂಪ್ಯೂಟರಿನ ಮುಂದೆ ಬೆಳಗಿನಿಂದ ಸಂಜೆಯವರೆಗೆ ಎಷ್ಟೋ ಜನ ಕೂತೇಳುತ್ತಾರೆ. ನಿಮ್ಮ ಖಾತೆ ತೆರೆದೇ ಬಿಟ್ಟರೆ ಮುಂದೆ ಕೂತವರು ನೀವೇ.

ಕ್ರೋಮ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎನ್ ಒಟ್ಟಿಗೆ ಒತ್ತಿ ಇನ್‌ಕಾಗ್ನಿಟೊ ಕಿಟಕಿ ತೆರೆದು ಅದರಲ್ಲೇ ಲಾಗಿನ್ ಆಗಿ. ಆ ಕಿಟಕಿಗಳನ್ನೆಲ್ಲ ಮುಚ್ಚಿದ ಕೂಡಲೇ ಲಾಗಿನ್ ಅಳಿಯುತ್ತದೆ. ಇದರಿಂದ ನೀವು ಕಾಲೇಜಿನ ಸರ್ವರಿಗೆ ಕಾಣದಂತಾಗುತ್ತೀರಿ ಎಂದು ತಿಳಿದವರಿದ್ದಾರೆ. ಅದು ಆ ಕಂಪ್ಯೂಟರಿನಲ್ಲಿ ಗುರುತು ಉಳಿಸುವುದಿಲ್ಲ, ಅಷ್ಟೇ. ‘ಸೇವ್ ಪಾಸ್‌ವರ್ಡ್’ ಎಂದು ಬ್ರೌಸರ್ ಕೇಳಿದರೆ ‘ನೆವರ್’ ಒತ್ತಿ. ನೀರು ಕುಡಿಯಲು ಏಳುವಾಗ ವಿಂಡೋಸ್ ಕೀಲಿ ಮತ್ತು ಎಲ್ ಒತ್ತಿದರೆ ಪರದೆಗೆ ಬೀಗ ಬೀಳುತ್ತದೆ.

ಬಸ್ ಬಂತೆಂದು ಲಾಗೌಟ್ ಆಗದೇ ಓಡಿಬಂದಿರಾ? ಬಸ್ಸಿನಲ್ಲೇ ಸರಿಮಾಡಬಹುದು:

1. ಫೋನಿನಲ್ಲಿ ಕಾಲೇಜಿನ ಗೂಗಲ್ ಖಾತೆ ತೆರೆದು ‘ಸೆಕ್ಯುರಿಟಿ’ಗೆ ಹೋಗಿ.
2. ‘ಯುವರ್ ಡಿವೈಸಸ್’ ಕೆಳಗೆ ಎಲ್ಲ ಸಾಧನಗಳನ್ನು ನೋಡಿ. ಲ್ಯಾಬಿನದ್ದು ವಿಂಡೋಸ್ ಎಂದು ಸಮಯದ ಜೊತೆ ಕಾಣುತ್ತದೆ.
3. ಅದನ್ನು ಆರಿಸಿ ‘ಸೈನ್ ಔಟ್’ ಕೊಡಿ.
4. ನಿಮ್ಮದಲ್ಲದ ಇನ್ನಾವುದೋ ಸಾಧನ ಅಲ್ಲಿದ್ದರೆ ಅದನ್ನೂ ಹೊರಹಾಕಿ, ಪಾಸ್‌ವರ್ಡ್ ಬದಲಿಸಿ, ಮರುದಿನ ಅಡ್ಮಿನ್‌ಗೆ ತಿಳಿಸಿ.

ಪೆನ್‌ಡ್ರೈವ್ ಬಗ್ಗೆ ಒಂದು ಮಾತು. ಝೆರಾಕ್ಸ್ ಅಂಗಡಿಗೆ ಹೋಗಿಬಂದ ಪೆನ್‌ಡ್ರೈವ್‌ನಲ್ಲಿ ಫೋಲ್ಡರುಗಳೆಲ್ಲ ಶಾರ್ಟ್‌ಕಟ್ ಆಗಿ ಕಂಡರೆ ಅದು ವೈರಸ್, ಒತ್ತಬೇಡಿ. ಫೈಲುಗಳು ಸಾಮಾನ್ಯವಾಗಿ ಅಳಿದಿರುವುದಿಲ್ಲ, ಅಡಗಿರುತ್ತವೆ. ಲ್ಯಾಬಿನವರಿಗೆ ಕೊಟ್ಟರೆ ತೆಗೆದುಕೊಡುತ್ತಾರೆ. ಪ್ರಿಂಟ್ ತೆಗೆಯಲು ಅಂಗಡಿಯಲ್ಲಿ ಮೇಲ್ ತೆರೆಯುವ ಬದಲು ಪಿಡಿಎಫ್ ಮಾತ್ರ ಕೊಟ್ಟರೆ ಒಳ್ಳೆಯದು.

ಉಳಿದದ್ದು ನಿಮಗೇ ಗೊತ್ತು: ಒದ್ದೆ ಕೊಡೆಯನ್ನು ಸಿಪಿಯು ಪಕ್ಕ ಒರಗಿಸಬೇಡಿ, ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಹಾಕಬೇಡಿ, ಕರೆಂಟ್ ಹೋಗಿ ಯುಪಿಎಸ್ ಕೂಗತೊಡಗಿದರೆ ಮೊದಲು ಸೇವ್ ಮಾಡಿ. ವೈಫೈ ಪಾಸ್‌ವರ್ಡ್ ಅಥವಾ ಲಾಗಿನ್ ಗೆಳೆಯನಿಗೆ ಕೊಡಬೇಡಿ, ಅವನು ಏನು ನೋಡಿದರೂ ದಾಖಲೆಯಲ್ಲಿ ಬರುವುದು ನಿಮ್ಮ ಹೆಸರು.

ಬಲೆ ಬೀಸುವ ಮೇಲ್‌ಗಳು

ಮಳೆಗಾಲದ ಬಲೆ ನಮ್ಮ ಕರಾವಳಿಯದ್ದೇ. ಜುಲೈ ರಾತ್ರಿ ಜೋರು ಮಳೆ ಹಿಡಿದರೆ ‘ನಾಳೆ ರಜೆ’ ಎಂಬ ಜಿಲ್ಲಾಧಿಕಾರಿಗಳ ಆದೇಶದ ಫೋಟೊ ಗುಂಪುಗಳಲ್ಲಿ ಓಡಾಡುತ್ತದೆ. ಕೆಲವು ಹಳೆಯ ವರ್ಷದ್ದು, ಕೆಲವು ದಿನಾಂಕ ತಿದ್ದಿದ್ದು. ನಿಜವಾದ ಆದೇಶವೂ ಎಷ್ಟೋ ಸಲ ಕೆಲವೇ ತಾಲೂಕಿಗೆ, ಶಾಲೆ ಮತ್ತು ಪಿಯು ಕಾಲೇಜಿಗೆ ಮಾತ್ರ ಇರುತ್ತದೆ, ಡಿಗ್ರಿಯವರಿಗಲ್ಲ. ದಿನಾಂಕ ಓದಿ, ತಾಲೂಕಿನ ಹೆಸರು ಓದಿ, ಜಿಲ್ಲಾಡಳಿತದ ಅಧಿಕೃತ ಖಾತೆಯಲ್ಲಿ ಇದೆಯೇ ನೋಡಿ. ಅಷ್ಟು ಮಾಡದೇ ಕಾಲೇಜಿನ ಐಡಿಯಿಂದ ಎಲ್ಲರಿಗೂ ಕಳಿಸಿದರೆ ಸುಳ್ಳು ಆದೇಶಕ್ಕೆ ಕಾಲೇಜಿನ ಮುದ್ರೆ ಒತ್ತಿಕೊಟ್ಟ ಹಾಗಾಯಿತು.

ಉಳಿದ ಬಲೆಗಳು ಎಲ್ಲ ಕಡೆಯವು: ‘ನಿಮ್ಮ ಸ್ಟೋರೇಜ್ ತುಂಬಿದೆ, ಇಲ್ಲಿ ಲಾಗಿನ್ ಆಗಿ’, ‘ಸ್ಕಾಲರ್‌ಶಿಪ್ ಮಂಜೂರಾಗಿದೆ, ಶುಲ್ಕ ಕಟ್ಟಿ’, ‘ಇಂಟರ್ನ್‌ಶಿಪ್ ಆಯ್ಕೆ, ನೋಂದಣಿಗೆ ದುಡ್ಡು’. ಮೊದಲು ನೋಡಬೇಕಾದ್ದು ಕಳಿಸಿದವರ ವಿಳಾಸದ ಬಾಲ. ಹೆಸರು ಏನು ಬೇಕಾದರೂ ಇಡಬಹುದು, ಅಟ್ ಚಿಹ್ನೆಯ ನಂತರದ್ದು ಅಷ್ಟು ಸುಲಭವಲ್ಲ. ‘ಡಾಟ್ ಎಸಿ ಡಾಟ್ ಇನ್’ ವಿಳಾಸವನ್ನು ಶಿಕ್ಷಣ ಸಂಸ್ಥೆಗಳಿಗೆ ಮಾತ್ರ ಅರ್ನೆಟ್ ಇಂಡಿಯಾ ಎಂಬ ಸಂಸ್ಥೆ ಕೊಡುತ್ತದೆ, ‘ಡಾಟ್ ಗವ್ ಡಾಟ್ ಇನ್’ ಸರ್ಕಾರದ್ದು. ಪ್ರಾಂಶುಪಾಲರ ಹೆಸರಿನಲ್ಲಿ ಸಾದಾ ಜಿಮೇಲಿನಿಂದ ‘ಅರ್ಜೆಂಟ್’ ಎಂದು ಬಂದರೆ ಸ್ಟಾಫ್ ರೂಮಿಗೆ ನಡೆದುಹೋಗಿ ಕೇಳಿ. ಬಾಲ ಸರಿಯಿದ್ದರೂ ಪಾಸ್‌ವರ್ಡ್, ಒಟಿಪಿ ಕೇಳಿದರೆ ಅದು ಕದ್ದ ಖಾತೆಯಿಂದ ಬಂದದ್ದಿರಬಹುದು, ಕೊಡಬೇಡಿ.

ಲಿಂಕ್ ಒತ್ತಿ ಪಾಸ್‌ವರ್ಡ್ ಕೊಟ್ಟೇಬಿಟ್ಟಿದ್ದರೆ ನಾಚಿಕೆಯಿಂದ ಮುಚ್ಚಿಡಬೇಡಿ. ಪಾಸ್‌ವರ್ಡ್ ಬದಲಿಸಿ, ಎಲ್ಲ ಸಾಧನಗಳಿಂದ ಸೈನ್ ಔಟ್ ಆಗಿ, ಜಿಮೇಲ್ ಸೆಟ್ಟಿಂಗ್ಸ್‌ನ ಫಾರ್ವರ್ಡಿಂಗ್ ಮತ್ತು ಫಿಲ್ಟರ್ ನೋಡಿ. ಕಳ್ಳರು ನಿಮ್ಮ ಮೇಲ್‌ಗಳ ನಕಲು ತಮಗೆ ಬರುವಂತೆ ಅಲ್ಲಿ ಹಾಕಿಟ್ಟಿರುತ್ತಾರೆ, ಪಾಸ್‌ವರ್ಡ್ ಬದಲಿಸಿದರೂ ಅದು ಹೋಗುವುದಿಲ್ಲ. ದುಡ್ಡು ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಆ ಹಣ ಮುಂದಿನ ಖಾತೆಗೆ ಸರಿಯುವ ಮೊದಲು ತಡೆಯುವ ಸಾಧ್ಯತೆ ಹೆಚ್ಚು.

ಕಾರವಾರ, ಅಂಕೋಲಾದವರಿಗೆ ಇನ್ನೊಂದು ಎಚ್ಚರ. ಆನ್‌ಲೈನ್‌ನಲ್ಲಿ ಪರಿಚಯವಾದವರು ಸರ್ವೆಯೆಂದೋ ಪ್ರಾಜೆಕ್ಟ್ ಎಂದೋ ನೌಕಾನೆಲೆಯ ಫೋಟೊ, ಹಡಗಿನ ಓಡಾಟದ ವಿವರ ಕೇಳಿದರೆ ಅಲ್ಲಿಗೇ ನಿಲ್ಲಿಸಿ. ಅಂಥ ಮಾಹಿತಿ ಕೊಟ್ಟ ಆರೋಪದ ಮೇಲೆ 2025ರ ಫೆಬ್ರುವರಿಯಲ್ಲಿ ರಾಷ್ಟ್ರೀಯ ತನಿಖಾ ಸಂಸ್ಥೆ (ಎನ್‌ಐಎ) ಈ ಭಾಗದಲ್ಲೇ ಬಂಧನ ಮಾಡಿದೆ.

ತಮಾಷೆ ಎಲ್ಲಿ ಮುಗಿಯುತ್ತದೆ

ಗೆಳೆಯನ ಐಡಿಯಿಂದ ಯಾರಿಗೋ ಪ್ರೇಮಪತ್ರ ಕಳಿಸಿ ನಗುವುದು ಹಾಸ್ಟೆಲ್‌ಗಳಲ್ಲಿ ಹಳೆಯ ಆಟ. ಇನ್ನೊಬ್ಬರ ಪಾಸ್‌ವರ್ಡನ್ನು ಮೋಸದಿಂದ ಬಳಸಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ ಕಲಂ 66ಸಿ ಅಡಿ 3 ವರ್ಷದವರೆಗೆ ಸೆರೆ, 1 ಲಕ್ಷದವರೆಗೆ ದಂಡ. ಒಪ್ಪಿಗೆ ಇಲ್ಲದೇ ಖಾಸಗಿ ಅಂಗಗಳ ಚಿತ್ರ ತೆಗೆದರೆ, ಹಂಚಿದರೆ 66ಇ. ಆನ್‌ಲೈನ್‌ನಲ್ಲಿ ಆಕ್ಷೇಪಾರ್ಹ ಸಂದೇಶ ಕಳಿಸುವುದನ್ನು ಅಪರಾಧ ಎನ್ನುತ್ತಿದ್ದ ಕಲಂ 66ಎ ಅನ್ನು ಸುಪ್ರೀಂ ಕೋರ್ಟ್ 2015ರಲ್ಲಿ ರದ್ದು ಮಾಡಿತು, ಅದನ್ನು ಕೇಳಿ ‘ಈಗ ಏನು ಬರೆದರೂ ನಡೆಯುತ್ತದೆ’ ಎಂದುಕೊಂಡವರಿದ್ದಾರೆ. ರದ್ದಾದದ್ದು ಆ ಒಂದು ಕಲಂ. ಕಾನೂನಿನ ಮಾತು ದೂರವಿರಲಿ, ಶಿಸ್ತು ಸಮಿತಿಯ ಮುಂದೆ ಅಪ್ಪನನ್ನು ಬೆಳಗಿನ ಬಸ್ಸಿಗೆ ಕರೆತರುವುದೇ ಸಾಕು.

ಕೊನೆಯ ಸೆಮಿಸ್ಟರ್

ಖಾತೆ ಯಾವಾಗ ಮುಚ್ಚುತ್ತಾರೆ ಎಂದು ಆಫೀಸಿನಲ್ಲಿ ಈಗಲೇ ಕೇಳಿಡಿ, ಒಂದೊಂದು ಕಾಲೇಜಿಗೆ ಒಂದೊಂದು ಪದ್ಧತಿ. ನೋ-ಡ್ಯೂ ಫಾರ್ಮ್ ಹಿಡಿದು ಲೈಬ್ರರಿ, ಲ್ಯಾಬ್ ಸುತ್ತುವ ಮೊದಲೇ ಈ ಕೆಲಸ ಮುಗಿಸಿ.

ಗೂಗಲ್ ಖಾತೆಯಾದರೆ, ಖಾತೆಯಲ್ಲಿರುವುದನ್ನು ಹೊರತೆಗೆಯಲು ಗೂಗಲ್ ಕೊಡುವ ‘ಟೇಕ್‌ಔಟ್’ ಪುಟದಲ್ಲಿ ‘ಟ್ರಾನ್ಸ್‌ಫರ್ ಯುವರ್ ಕಂಟೆಂಟ್’ ಎಂಬ ಸೌಲಭ್ಯವಿದೆ. ನಿಮ್ಮ ಸ್ವಂತ ಐಡಿ ಕೊಟ್ಟರೆ ಅಲ್ಲಿಗೊಂದು ಕೋಡ್ ಬರುತ್ತದೆ, ಅದನ್ನು ಹಾಕಿದ ಮೇಲೆ ಡ್ರೈವ್ ಮತ್ತು ಮೇಲ್ ಎರಡರ ನಕಲೂ ಸ್ವಂತ ಖಾತೆಗೆ ಹೋಗುತ್ತದೆ. ಇದಕ್ಕೆ ಒಂದು ವಾರದವರೆಗೂ ಹಿಡಿಯಬಹುದು. ಸ್ವಂತ ಖಾತೆಯಲ್ಲಿ ಉಚಿತವಾಗಿ ಸಿಗುವುದು 15 ಜಿಬಿ, ಅಷ್ಟು ಜಾಗ ಇದೆಯೇ ಮೊದಲು ನೋಡಿ. ಅಡ್ಮಿನ್ ಈ ಸೌಲಭ್ಯ ತೆರೆದಿಟ್ಟಿರದಿದ್ದರೆ, ಅಥವಾ ನಿಮ್ಮದು ಮೈಕ್ರೋಸಾಫ್ಟ್ ಖಾತೆಯಾದರೆ, ಬೇಕಾದ್ದನ್ನು ಕಂಪ್ಯೂಟರಿಗೆ ಇಳಿಸಿಕೊಂಡು ಹೊಸ ಕಡೆ ಏರಿಸಬೇಕು.

ಪ್ರಾಜೆಕ್ಟ್ ವರದಿ, ಎನ್‌ಎಸ್‌ಎಸ್ ಶಿಬಿರದ ಫೋಟೊ, ಸಂಘದ ಲೆಕ್ಕದ ಶೀಟು — ಇವು ನಿಮ್ಮ ಡ್ರೈವ್‌ನಲ್ಲಿದ್ದು ಬೇರೆಯವರು ಬಳಸುತ್ತಿದ್ದರೆ ಒಡೆತನವನ್ನು ಜೂನಿಯರ್‌ಗೆ ಅಥವಾ ವಿಭಾಗದ ಐಡಿಗೆ ವರ್ಗಾಯಿಸಿ. ನಿಮ್ಮ ಖಾತೆ ಅಳಿದರೆ ಅವರಿಗೂ ಫೈಲು ಅಳಿಯುತ್ತದೆ.

ಕೊನೆಯದಾಗಿ ಫೋನಿನ ಕಾಂಟ್ಯಾಕ್ಟ್ಸ್ ತೆರೆದು, ನಂಬರುಗಳು ಯಾವ ಖಾತೆಯಲ್ಲಿ ಉಳಿಯುತ್ತಿವೆ ಎಂದು ಸೆಟ್ಟಿಂಗ್ಸ್‌ನಲ್ಲಿ ನೋಡಿ. ಕಾಲೇಜಿನ ಐಡಿಯೇ ಡಿಫಾಲ್ಟ್ ಆಗಿದ್ದರೆ ಮೂರು ವರ್ಷದಲ್ಲಿ ಸೇವ್ ಮಾಡಿದ ನಂಬರುಗಳೆಲ್ಲ ಆ ಖಾತೆಯ ಜೊತೆಗೇ ಹೋಗುತ್ತವೆ. ಕಾಂಟ್ಯಾಕ್ಟ್ಸ್‌ನ ‘ಎಕ್ಸ್‌ಪೋರ್ಟ್’ ಒತ್ತಿದರೆ ಒಂದು ಫೈಲ್ ಸಿಗುತ್ತದೆ, ಅದನ್ನು ಸ್ವಂತ ಖಾತೆಗೆ ‘ಇಂಪೋರ್ಟ್’ ಮಾಡಿ, ಒಂದೆರಡು ನಂಬರ್ ಹುಡುಕಿ ಬಂದಿವೆಯೇ ನೋಡಿ. ಆಮೇಲೆ ಫೋನಿನಿಂದ ಕಾಲೇಜಿನ ಐಡಿ ತೆಗೆಯಿರಿ.